ನನ್ನ ಸಾರಿನಲ್ಲಿ ಬಿಳಿ ಪುಡಿ

ನನ್ನ ಓರಗಿತ್ತಿ ನನಗೆ ವಿಷ ಹಾಕುತ್ತಿದ್ದಾಳೆ ಎಂದು ನಾನು ಒಂದೂವರೆ ತಿಂಗಳು ನಂಬಿದ್ದೆ. ಅರೆಬರೆ ನಂಬಿಕೆಯಲ್ಲ, ಪೂರ್ತಿ ನಂಬಿದ್ದೆ. ಕಣ್ಣಾರೆ ಕಂಡ ಸಾಕ್ಷಿಯೂ ಇತ್ತು. ಈಗ ಆ ದಿನಗಳನ್ನು ನೆನೆದರೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲೇ ಇಬ್ಬರು ವಯಸ್ಸಾದವರು ಮನೆಯವರ ಮೇಲೆ ಇಂಥದೇ ಮಾತು ಆಡುತ್ತಿದ್ದಾರೆಂದು ಆಮೇಲೆ ನನಗೆ ಗೊತ್ತಾಯಿತು. "ವಯಸ್ಸಾಯ್ತಲ್ಲ, ಏನೇನೋ ಮಾತಾಡ್ತಾರೆ" ಎಂದು ಅವರ ಮನೆಯವರು ಸುಮ್ಮನಿದ್ದರು. ನನ್ನ ವಿಷಯದಲ್ಲೂ ಎಲ್ಲರೂ ಹಾಗೇ ಸುಮ್ಮನಿದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ನನಗೆ ಅರವತ್ತೊಂಬತ್ತು ವರ್ಷ. ಇರುವುದು ಶಿಡ್ಲಘಟ್ಟದಲ್ಲಿ. ನಿವೃತ್ತಿಯಾಗುವವರೆಗೆ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ಆ ಕೆಲಸದಲ್ಲಿ ಅನುಮಾನ ಪಡುವುದು ದೊಡ್ಡ ಗುಣ. ಹುಡುಗಿ ಹೊಟ್ಟೆನೋವು ಎಂದರೆ ಅವತ್ತು ಯಾವ ಪರೀಕ್ಷೆ ಇದೆ ಎಂದು ಮೊದಲು ನೋಡುತ್ತಿದ್ದೆ. ಬೇಳೆ ಡಬ್ಬ ಎತ್ತಿ ನೋಡಿದರೆ ಸಾಕು, ಅಡುಗೆಯವರು ಎಷ್ಟು ಹಾಕಿದ್ದಾರೆ, ಎಷ್ಟು ಮನೆಗೆ ಹೋಗಿದೆ ಎಂದು ಹೇಳಿಬಿಡುತ್ತಿದ್ದೆ. "ಮೇಡಂ ಕಣ್ಣು ತಪ್ಪಿಸಕ್ಕಾಗಲ್ಲ" ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ನಾಗವೇಣಿ ನನ್ನ ಮೈದುನನ ಹೆಂಡತಿ, ನನಗಿಂತ ಏಳು ವರ್ಷ ಚಿಕ್ಕವಳು. ನನ್ನ ಗಂಡ ಮೊದಲು ಹೋದರು, ಕೆಲವು ವರ್ಷಗಳ ನಂತರ ಮೈದುನನೂ ತೀರಿಕೊಂಡ. ಅವಳಿಗೆ ಮಕ್ಕಳಿಲ್ಲ. "ಬಂದ್ಬಿಡೇ, ಇಬ್ಬರಿಗೂ ಒಂದೇ ಒಲೆ ಸಾಕು" ಎಂದು ನಾನೇ ಕರೆದೆ. ಬಂದಳು. ಹಜಾರದಲ್ಲಿ ಬುದ್ಧನ ಪಟದ ಕೆಳಗೆ ಹೊಲಿಗೆ ಮಿಷನ್ ಹಾಕಿಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಅಡುಗೆ ಅವಳದು. ಬ್ಯಾಂಕು, ಪಿಂಚಣಿ, ಕರೆಂಟ್ ಬಿಲ್ಲು ನನ್ನವು. ನನ್ನ ಒಬ್ಬಳೇ ಮಗಳು ಸುಧಾ ಚಿಂತಾಮಣಿಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾಳೆ. ಹೀಗೆ ನಾಲ್ಕು ವರ್ಷ ಚೆನ್ನಾಗಿಯೇ ನಡೆದಿತ್ತು.

ಎಲ್ಲ ಶುರುವಾದದ್ದು ಕಾಲು ಊದಿಕೊಂಡಿದ್ದರಿಂದ. ಬಿಪಿ ಮೊದಲಿಂದಲೂ ಇತ್ತು, ಮಾತ್ರೆ ನುಂಗುತ್ತಿದ್ದೆ. ಶಿವರಾತ್ರಿ ಹೊತ್ತಿಗೆ ಪಾದಗಳು ಚಪ್ಪಲಿಯಲ್ಲಿ ಹಿಡಿಸದಷ್ಟು ಊದಿದವು. ಚಿಕ್ಕಬಳ್ಳಾಪುರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಕಾಲನ್ನು ಬೆರಳಲ್ಲಿ ಒತ್ತಿ ನೋಡಿ, ಬಿಪಿ ನೋಡಿ, ಇನ್ನೊಂದು ಮಾತ್ರೆ ಬರೆದರು. "ನೀರು ಇಳಿಯತ್ತೆ. ಉಪ್ಪು ಕಮ್ಮಿ ಮಾಡಿ. ಹದಿನೈದು ದಿನ ತಗೊಂಡು ಬಂದು ತೋರ್ಸಿ, ರಕ್ತ ಪರೀಕ್ಷೆ ಮಾಡಿ ಮುಂದೆ ನೋಡಣ" ಎಂದರು.

ಹದಿನೈದು ದಿನಕ್ಕೆ ಊತ ಇಳಿಯಿತು. ನಾನು ವಾಪಸ್ಸು ಹೋಗಲಿಲ್ಲ. ಆ ಡಾಕ್ಟರು ಬರೆಯುವಾಗ ನನ್ನ ಮುಖವನ್ನೇ ನೋಡಲಿಲ್ಲ ಎಂಬ ಸಿಟ್ಟಿತ್ತು. ರಕ್ತ ಪರೀಕ್ಷೆ ಎಂದಿದ್ದರಲ್ಲ, ಅದರಲ್ಲಿ ಅವರಿಗೇನೋ ಲಾಭ ಇರಬೇಕು ಎಂಬ ಅನುಮಾನವೂ ಇತ್ತು. ಆದರೆ ಮಾತ್ರೆ ಒಳ್ಳೆಯದು, ಊತ ಇಳಿಸಿತಲ್ಲ ಎಂದುಕೊಂಡು ಅದೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತರುತ್ತಲೇ ಇದ್ದೆ. ಡಾಕ್ಟರನ್ನು ಅನುಮಾನಿಸಿದ ನಾನು ಅವರು ಬರೆದ ಮಾತ್ರೆಯನ್ನು ಮಾತ್ರ ಒಂದು ದಿನವೂ ಅನುಮಾನಿಸಲಿಲ್ಲ.

ಉಪ್ಪು ಕಮ್ಮಿ ಎಂದಿದ್ದರು. ನಾನು ಪೂರ್ತಿ ನಿಲ್ಲಿಸಿದೆ. ನನ್ನ ಪಾಲಿನ ಸಾರನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಡಬೇಕು ಎಂದು ನಾಗವೇಣಿಗೆ ಕಟ್ಟುನಿಟ್ಟು ಮಾಡಿದೆ. ಉಪ್ಪಿನ ಡಬ್ಬವನ್ನು ನನ್ನ ಕಣ್ಣಿಗೆ ಬೀಳುವ ಹಾಗೆ ಮೇಲಿನ ಹಲಗೆಗೆ ಏರಿಸಿದೆ. ವಯಸ್ಸಾದವರು ದಿನಕ್ಕೆ ಇಷ್ಟು ಬಾಟಲಿ ನೀರು ಕುಡಿಯಲೇಬೇಕು ಎಂದು ಫೋನಿನಲ್ಲಿ ಯಾರೋ ಹೇಳಿದ್ದನ್ನು ನೋಡಿ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಕುಡಿದೆ. ಬೇಸಿಗೆ ಬೇರೆ. ನನ್ನಷ್ಟು ಶಿಸ್ತಿನಿಂದ ಆರೋಗ್ಯ ನೋಡಿಕೊಳ್ಳುವವರು ಬೀದಿಯಲ್ಲೇ ಇಲ್ಲ ಎಂದು ಹೆಮ್ಮೆಪಟ್ಟೆ.

ಏಪ್ರಿಲ್ ಕಳೆಯುವಷ್ಟರಲ್ಲಿ ತಲೆ ಭಾರವಾಗತೊಡಗಿತು. ನಡೆದರೆ ಹತ್ತಿಯ ಮೇಲೆ ಕಾಲಿಟ್ಟ ಹಾಗೆ. ಊಟ ನೋಡಿದರೆ ವಾಕರಿಕೆ. ಮೀನಖಂಡ ಹಿಡಿದುಕೊಳ್ಳುವುದು. ನಮ್ಮ ಬೀದಿಗೆ ರೇಷ್ಮೆ ಗೂಡು ಬೇಯಿಸುವ ವಾಸನೆ ಬೆಳಗಿಂದ ಸಂಜೆಯವರೆಗೆ ಬರುತ್ತದೆ. ಹುಟ್ಟಿದಾಗಿನಿಂದ ಮೂಗಿಗೆ ಒಗ್ಗಿದ ಆ ವಾಸನೆಗೇ ಬಾಯಿಗೆ ನೀರು ಉಕ್ಕಿ ವಾಂತಿ ಬರುತ್ತಿತ್ತು. ಮಾತಿನ ನಡುವೆ ಪದಗಳು ಜಾರಿ ಹೋಗುತ್ತಿದ್ದವು.

ಒಂದು ದಿನ ಕನ್ನಡಕ ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆವು. ನಾಗವೇಣಿ ಅದನ್ನು ಅಕ್ಕಿ ಡಬ್ಬದಿಂದ ತೆಗೆದುಕೊಟ್ಟಳು.

"ಇಲ್ಲಿಟ್ಟಿದೀರಲ್ಲಕ್ಕ."

"ನಾನಿಡ್ಲಿಲ್ಲ."

"ಮತ್ತ್ಯಾರು ಇಡ್ತಾರೆ? ಇರೋದೇ ನಾವಿಬ್ರು."

ಅವಳು ನಗುತ್ತಾ ಹೇಳಿದಳು. ಆ ನಗು ನನಗೆ ಸರಿ ಕಾಣಲಿಲ್ಲ. ಇರುವುದೇ ಇಬ್ಬರು, ನಾನು ಇಟ್ಟಿಲ್ಲ ಎಂದಮೇಲೆ ಇಟ್ಟವಳು ಅವಳೇ. ನನಗೆ ತಲೆ ಕೆಟ್ಟಿದೆ ಎಂದು ನಾಲ್ಕು ಜನಕ್ಕೆ ತೋರಿಸಲು ಇಟ್ಟಿದ್ದಾಳೆ. ಹಾಸ್ಟೆಲಿನಲ್ಲಿ ಹೇಗೆ ಲೆಕ್ಕ ಹಾಕುತ್ತಿದ್ದೆನೋ ಹಾಗೇ ಹಾಕಿದೆ, ಉತ್ತರವೂ ಸರಿಯಾಗಿಯೇ ಬಂತು.

ಅದಾದ ವಾರಕ್ಕೆ ಅವಳು ಹಿತ್ತಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. "ನಂಗೆ ಯಾಕೋ ಸರಿ ಕಾಣ್ತಿಲ್ಲ ಕಣಮ್ಮ. ನೀನೇ ಒಂದ್ಸಲ ಬಾ. ನಾನ್ ಹೇಳ್ದೆ ಅಂತ ಹೇಳ್ಬೇಡ." ನನ್ನನ್ನು ಕಂಡು ಫೋನು ಇಟ್ಟಳು. ಯಾರು ಎಂದು ಕೇಳಿದ್ದಕ್ಕೆ, ಬ್ಲೌಸ್ ಕೊಟ್ಟವರು ಎಂದಳು. ಸಂಜೆ ಅವಳು ಇನ್ನೊಂದು ಕೇಳಿದಳು. "ಅಕ್ಕ, ಆ ಮಾತ್ರೆ ಚೀಟಿ ಎಲ್ಲಿಟ್ಟಿದೀರಿ? ಒಂದ್ಸಲ ತೋರ್ಸಿ."

"ನಿನಗ್ಯಾಕೆ ಅದು?" ಎಂದೆ. ಅವತ್ತೇ ಮಾತ್ರೆಗಳನ್ನು, ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಇಷ್ಟೆಲ್ಲ ಆದರೂ ವಿಷ ಎಂಬ ಮಾತು ಮನಸ್ಸಿಗೆ ಬಂದಿರಲಿಲ್ಲ. ಅದು ಬಂದದ್ದು ಒಂದು ಮಧ್ಯಾಹ್ನ. ನೀರಿಗೆಂದು ಅಡುಗೆಮನೆಗೆ ಹೋದೆ. ನಾಗವೇಣಿ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ನನ್ನ ಪಾಲಿನ ಹುರುಳಿ ಸಾರು ಸಣ್ಣ ಪಾತ್ರೆಯಲ್ಲಿತ್ತು. ಅವಳು ರಾಗಿ ಹಿಟ್ಟಿನ ಡಬ್ಬದ ಹಿಂದೆ ಕೈ ಹಾಕಿ ಒಂದು ಪುಟ್ಟ ಪೊಟ್ಟಣ ತೆಗೆದಳು. ಹಜಾರದ ಕಡೆಗೊಮ್ಮೆ ಕಿವಿಗೊಟ್ಟಳು. ಪೊಟ್ಟಣದಿಂದ ಚಿಟಿಕೆ ಬಿಳಿ ಪುಡಿ ತೆಗೆದು ನನ್ನ ಸಾರಿಗೆ ಹಾಕಿ ಬೇಗ ಬೇಗ ಕಲಕಿದಳು.

"ಏನೇ ಅದು?"

ಬೆಚ್ಚಿಬಿದ್ದಳು. ಪೊಟ್ಟಣ ಸೆರಗಿನೊಳಗೆ ಹೋಯಿತು. "ಏನಿಲ್ಲಕ್ಕ. ಇಂಗು."

ಇಂಗಿನ ವಾಸನೆ ಇರಲಿಲ್ಲ.

ಅವತ್ತಿನಿಂದ ಅವಳು ಮಾಡಿದ ಸಾರು ನಾನು ಮುಟ್ಟಲಿಲ್ಲ. ಬಡಿಸಿಕೊಂಡು, ಅವಳು ಆಚೆ ಹೋದಾಗ ಹಿತ್ತಲಿನ ಬಚ್ಚಲಿಗೆ ಸುರಿಯುತ್ತಿದ್ದೆ. ಬಾಳೆಹಣ್ಣು, ನಾನೇ ಕಾಯಿಸಿದ ಹಾಲು, ನಾನೇ ತುಂಬಿಸಿದ ನೀರು, ಇಷ್ಟೇ. ಈಗಾಗಲೇ ಒಳಗೆ ಸೇರಿರುವ ವಿಷ ತೊಳೆದುಹೋಗಲಿ ಎಂದು ಮೊದಲಿಗಿಂತ ಹೆಚ್ಚು ನೀರು ಕುಡಿದೆ. ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಕುಡಿದಷ್ಟೂ ತಲೆ ಇನ್ನಷ್ಟು ಮಂಕಾಯಿತು. ತಲೆ ಮಂಕಾದಷ್ಟೂ ಅನುಮಾನ ಗಟ್ಟಿಯಾಯಿತು. ಸುಧಾ ಬಂದಾಗ ಅವಳಿಗೂ ಹೇಳಲಿಲ್ಲ. "ಯಾಕಮ್ಮ ಇಷ್ಟು ಸೊರಗಿದೀಯ, ಡಾಕ್ಟ್ರ ಹತ್ರ ಹೋಗಣ ಬಾ" ಎಂದಳು. ಚಿಕ್ಕಮ್ಮನ ಮುಖ ನೋಡಿಕೊಂಡು ಹೇಳಿದಳು. ಇಬ್ಬರೂ ಸೇರಿಕೊಂಡಿದ್ದಾರೆ ಎಂದುಕೊಂಡೆ. ಬಿಸಿಲಿಗೆ ಹೀಗಾಗಿದೆ ಎಂದು ಹೇಳಿ ಕಳಿಸಿಬಿಟ್ಟೆ.

ಸಾಕ್ಷಿ ಬೇಕಿತ್ತು. ಒಂದು ಬೆಳಿಗ್ಗೆ ನಾಗವೇಣಿ ಅಂಗಡಿಗೆ ಹೋದಾಗ ಹಿಂದಿನ ದಿನದ ಸಾರನ್ನು ಸ್ಟೀಲ್ ಡಬ್ಬಿಗೆ ತುಂಬಿ ಬ್ಯಾಗಿನಲ್ಲಿಟ್ಟುಕೊಂಡು ಬಸ್ ಹತ್ತಿದೆ. ಶಿಡ್ಲಘಟ್ಟದ ಲ್ಯಾಬಿನಲ್ಲಿ ಎಲ್ಲರೂ ಗುರುತಿನವರು. ಅದಕ್ಕೇ ಚಿಂತಾಮಣಿ.

ಕಂಡಕ್ಟರ್ ಬಂದು "ಎಲ್ಲಿಗಮ್ಮ?" ಎಂದ. ಊರಿನ ಹೆಸರು ಬಾಯಿಗೆ ಬರಲಿಲ್ಲ. ಮಗಳನ್ನು ಕೊಟ್ಟ ಊರು, ನೂರಾರು ಸಲ ಹೋದ ಊರು. "ನನ್ನ ಮಗಳ ಊರಿಗೆ" ಎಂದೆ.

"ಎಲ್ರ ಮಗಳೂ ಎಲ್ಲೋ ಒಂದೂರಲ್ಲಿರ್ತಾಳೆ. ಹೆಸರು ಹೇಳಮ್ಮ."

ಪಕ್ಕದ ಹೆಂಗಸು "ಈ ಬಸ್ಸು ಚಿಂತಾಮಣಿಗೆ ತಾನೇ ಹೋಗೋದು, ಅದೇ ಕೊಡಪ್ಪ" ಎಂದಳು. ಆಗ ನನಗೆ ಮೊದಲ ಸಲ ಭಯವಾಯಿತು. ನಾಗವೇಣಿಯ ಮೇಲಿನ ಭಯವಲ್ಲ ಅದು. ನನ್ನೊಳಗೇ ಏನೋ ಕಳಚಿಹೋಗುತ್ತಿದೆ ಎಂಬ ಭಯ. ಆದರೆ ವಿಷ ಅಷ್ಟು ಏರಿದೆ ಎಂದುಕೊಂಡು ಅದನ್ನೂ ಅವಳ ಮೇಲೇ ಹಾಕಿದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಲ್ಯಾಬಿಗೆ ಹೋದೆ. ರಕ್ತ ತೆಗೆಯುವಾಕೆ ನಡುವಯಸ್ಸಿನ ಹೆಂಗಸು. ಡಬ್ಬಿ ಮೇಜಿನ ಮೇಲಿಟ್ಟು "ಇದನ್ನ ಪರೀಕ್ಷೆ ಮಾಡಿ" ಎಂದೆ. ಆಕೆ ಮುಚ್ಚಳ ತೆಗೆದು ನೋಡಿ, ನನ್ನನ್ನು ನೋಡಿ, ಅರ್ಧ ತೆಲುಗಿನಲ್ಲಿ ಕೇಳಿದಳು.

"ಏಮಮ್ಮಾ ಇದಿ? ಸಾರು! ಇಲ್ಲಿ ಸಾರು ಟೆಸ್ಟ್ ಮಾಡಲ್ಲಮ್ಮ, ರಕ್ತ ಮಾಡ್ತೀವಿ."

"ಹಾಗಾದ್ರೆ ರಕ್ತಾನೇ ಮಾಡಿ. ವಿಷ ಇದ್ರೆ ಗೊತ್ತಾಗುತ್ತಾ?"

ಆಕೆ ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ. "ಜೊತೇಲಿ ಯಾರು ಬಂದಿದಾರೆ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಎದ್ದು ನಿಂತಾಗ ನಾನು ಗೋಡೆ ಹಿಡಿದುಕೊಂಡದ್ದನ್ನು ಗಮನಿಸಿದಳು. ವಯಸ್ಸಾದವರಿಗೆ ಎಲ್ಲಾ ಸೇರಿಸಿ ಮಾಡುವ ಪರೀಕ್ಷೆ ಒಂದಿದೆ, ಅದನ್ನು ಮಾಡೋಣ ಎಂದು ರಕ್ತ ತೆಗೆದು, ರಿಪೋರ್ಟ್ ಬರುವ ತನಕ ಇಲ್ಲೇ ಕೂತಿರಬೇಕು ಎಂದು ಬೆಂಚಿನಲ್ಲಿ ಕೂರಿಸಿದಳು.

ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಒಳಗೆ ಆಕೆ ಇನ್ನೊಬ್ಬರಿಗೆ "ಇನ್ನೊಂದ್ಸಲ ಹಾಕಿ ನೋಡಣ, ಇಷ್ಟು ಕಮ್ಮಿ ಇರಕ್ಕಾಗಲ್ಲ" ಎನ್ನುವುದು ಕೇಳಿಸಿತು. ರಿಪೋರ್ಟ್ ಬದಲಾಯಿಸುತ್ತಿದ್ದಾರೆ ಎಂದುಕೊಂಡೆ. ನಾಗವೇಣಿಯ ಕೈ ಚಿಂತಾಮಣಿಯವರೆಗೂ ಚಾಚಿದೆ! ಎದ್ದು ಹೋಗಲು ನೋಡಿದೆ, ಕಾಲು ಬರಲಿಲ್ಲ. ಆಕೆ ಹೊರಗೆ ಬಂದು ನನ್ನ ಮುಂದೆ ಕುಳಿತು ಕೈ ಹಿಡಿದುಕೊಂಡಳು. "ಅಮ್ಮಾ, ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು. ಯಾರಿಗ್ ಫೋನ್ ಮಾಡ್ಲಿ, ಹೇಳಿ." ಮಗಳು ಇಲ್ಲೇ ಕಾಲೇಜಿನಲ್ಲಿದ್ದಾಳೆ ಎಂದು ಹೇಳಿದೆ. ನನ್ನ ಫೋನಿನಲ್ಲಿ ಸುಧಾಳ ಹೆಸರು ಹುಡುಕಿದವಳೂ ಆಕೆಯೇ.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಸುಧಾಳ ಸೀರೆಯ ಮೇಲೆ ಸೀಮೆಸುಣ್ಣದ ಪುಡಿ. ಆಸ್ಪತ್ರೆಯ ದೀಪಗಳು. ಕೈಗೆ ಸೂಜಿ. ಹೆಸರೇನು, ಇವತ್ತು ಯಾವ ವಾರ ಎಂದು ಮತ್ತೆ ಮತ್ತೆ ಕೇಳುವ ನರ್ಸ್. ವಾರ ಹೇಳಲು ಬರಲಿಲ್ಲ. ನೀರು ಕೇಳಿದರೆ ಕೊಡುತ್ತಿರಲಿಲ್ಲ, ಗುಟುಕು ಗುಟುಕು ಅಳೆದು ಕೊಡುತ್ತಿದ್ದರು. ಇವರೂ ಅವಳ ಕಡೆಯವರೇ ಎಂದುಕೊಂಡೆ.

ಮಾರನೇ ದಿನ ನಾಗವೇಣಿ ಗಂಜಿ ತೆಗೆದುಕೊಂಡು ಬಂದಳು. ಅವಳನ್ನು ಕಂಡದ್ದೇ ನನಗೆ ಎಲ್ಲಿತ್ತೋ ಶಕ್ತಿ, ಎದ್ದು ಕೂತೆ. ವಾರ್ಡಿನಲ್ಲಿ ಆರು ಮಂಚಗಳಿದ್ದವು. ಆರೂ ಮಂಚದವರು, ಅವರ ಜೊತೆಯವರು, ನರ್ಸುಗಳು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ಇವಳನ್ನ ಆಚೆ ಕಳಿಸಿ! ಇವಳೇ ನನಗೆ ವಿಷ ಹಾಕ್ತಿರೋಳು. ಕಣ್ಣಾರೆ ನೋಡಿದೀನಿ. ಮನೆ ಹೊಡ್ಕೊಳ್ಳೋಕೆ ಬಂದಿದಾಳೆ!"

ಸುಧಾ "ಅಮ್ಮಾ!" ಎಂದು ಬಾಯಿ ಮುಚ್ಚಲು ಬಂದಳು. ನಾಗವೇಣಿ ಕ್ಯಾರಿಯರ್ ಬಿಚ್ಚಿದಳು. ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಜಿಯನ್ನು ಚಮಚದಲ್ಲಿ ತೆಗೆದು ತಾನೇ ತಿಂದಳು. ಎರಡು ಚಮಚ. ಮೂರು. ಕಣ್ಣಿಂದ ನೀರು ಇಳಿಯುತ್ತಿತ್ತು, ನುಂಗುತ್ತಿದ್ದಳು. ಎಲ್ಲರೂ ನೋಡುತ್ತಿದ್ದರು. ಅರ್ಧ ತಿಂದು ಡಬ್ಬಿ ನನ್ನ ಕಡೆಗೆ ಸರಿಸಿ ಎದ್ದು ಹೋದಳು. ನಾನು ಆ ಗಂಜಿ ಮುಟ್ಟಲಿಲ್ಲ.

ತಲೆ ತಿಳಿಯಾದದ್ದು ಒಮ್ಮೆಗೇ ಅಲ್ಲ. ನಿಧಾನವಾಗಿ ಸರಿ ಮಾಡಬೇಕು, ಅವಸರ ಮಾಡಿದರೆ ಅಪಾಯ ಎಂದು ಡಾಕ್ಟರು ಹೇಳಿದ್ದರಂತೆ. ನಾಲ್ಕನೇ ದಿನ ಬೆಳಿಗ್ಗೆ ಎಚ್ಚರವಾದಾಗ ಕಿಟಕಿಯಾಚೆ ಹುಣಸೆಮರ ಮರದ ಹಾಗೇ ಕಂಡಿತು. ಹಸಿವಾಯಿತು. ಯಾರೂ ಕೇಳದೆಯೇ "ಇವತ್ತು ಶುಕ್ರವಾರ" ಎಂದೆ. ಸುಧಾ ಅತ್ತುಬಿಟ್ಟಳು.

ಡಾಕ್ಟರು ಬಂದು ಮಂಚದ ಅಂಚಿಗೆ ಕೂತರು. ರಕ್ತದಲ್ಲಿ ಉಪ್ಪಿನಂಶ ತುಂಬಾ ಇಳಿದುಹೋಗಿತ್ತು ಎಂದರು. ನೀರಿಳಿಸುವ ಮಾತ್ರೆ, ಉಪ್ಪಿಲ್ಲದ ಊಟ, ಬಾಟಲಿಗಟ್ಟಲೆ ನೀರು, ಮೂರೂ ಸೇರಿ ಹೀಗಾಗಿದೆ. ವಾಕರಿಕೆ, ತೂರಾಟ, ಮರೆವು, ಆ ಭಯಗಳೆಲ್ಲ ಅದರಿಂದಲೇ. "ಆ ಮಾತ್ರೆ ಎಷ್ಟು ದಿನದ್ದು ಬರೆದಿದ್ರು?" ಎಂದು ಕೇಳಿದರು.

"ಹದಿನೈದು."

"ಎಷ್ಟು ದಿನ ತಗೊಂಡ್ರಿ?"

ಬೀರುವಿಗೆ ಬೀಗ ಹಾಕಿಟ್ಟಿದ್ದೆನಲ್ಲ, ಯಾರೂ ಎಣಿಸದ ಹಾಗೆ.

ಡಾಕ್ಟರು ಹೋದಮೇಲೆ ಸುಧಾ ಉಳಿದದ್ದನ್ನು ಹೇಳಿದಳು. ನನ್ನನ್ನು ಸೇರಿಸಿದ ಸಂಜೆ ಡಾಕ್ಟರು ಊಟದ ಬಗ್ಗೆ ವಿಚಾರಿಸಿದಾಗ ನಾಗವೇಣಿ ಕೈ ಮುಗಿದು ನಿಂತುಬಿಟ್ಟಳಂತೆ. "ತಪ್ಪು ನಂದೇ ಡಾಕ್ಟ್ರೇ. ಉಪ್ಪು ಹಾಕ್ಬೇಡ ಅಂದಿದ್ರು ಅಕ್ಕ. ಸಪ್ಪೆ ಸಾರು ಬಾಯಿಗಿಡಕ್ಕಾಗ್ದೆ ಊಟಾನೇ ಬಿಡ್ತಿದ್ರು. ಹೊಟ್ಟೆ ಉರೀತು, ಅವ್ರಿಗ್ ಗೊತ್ತಾಗ್ದಂಗೆ ಒಂದು ಚಿಟಿಕೆ ಹಾಕ್ತಿದ್ದೆ. ಅದ್ರಿಂದ್ಲೇ ಹಿಂಗಾಯ್ತಾ?" ಅವಳು ಅಲ್ಲಿಯವರೆಗೆ ನನ್ನ ಕಾಯಿಲೆಗೆ ತಾನೇ ಕಾರಣ ಎಂದು ಒಳಗೊಳಗೇ ಬೇಯುತ್ತಿದ್ದಳು. ಅವಳ ಸಾರನ್ನು ತಿನ್ನದೆ ಬಚ್ಚಲಿಗೆ ಸುರಿಯುತ್ತಿದ್ದೆ ಎಂದು ನಾನು ಮಂಪರಿನಲ್ಲಿ ಡಾಕ್ಟರಿಗೆ ಹೇಳಿಬಿಟ್ಟಿದ್ದೆನಂತೆ. ಡಾಕ್ಟರು "ಆ ಚಿಟಿಕೆಯಿಂದ ಕೆಟ್ಟದ್ದೇನೂ ಆಗಿಲ್ಲಮ್ಮ. ಅವರು ಅದನ್ನ ತಿಂತಾ ಇದ್ದಿದ್ರೆ ಇಷ್ಟು ಬೇಗ ಈ ಮಟ್ಟಕ್ಕೆ ಬರ್ತಿರ್ಲಿಲ್ವೇನೋ" ಎಂದರಂತೆ. ಹಿತ್ತಲಿನಲ್ಲಿ ನಿಂತು ಫೋನ್ ಮಾಡಿದ್ದೂ ಸುಧಾಳಿಗೇ, ಬಂದು ನನ್ನನ್ನು ನೋಡು ಎಂದು.

ಇದೆಲ್ಲ ಗೊತ್ತಾದ ಮೇಲೂ ಅವಳು ಗಂಜಿ ತಂದದ್ದು. ಅದರ ಮೇಲೆ ನಾನು ಕೂಗಾಡಿದ್ದು.

"ಚಿಕ್ಕಮ್ಮ ಎಲ್ಲಿ?" ಎಂದು ಕೇಳಿದೆ.

"ಜಂಗಮಕೋಟೆಗೆ ಹೋದ್ರು, ಅವರಣ್ಣನ ಮನೆಗೆ. ಮಿಷನ್ನೂ ತಗೊಂಡು ಹೋದ್ರಮ್ಮ."

ಆಸ್ಪತ್ರೆಯಿಂದ ಬಿಟ್ಟಮೇಲೆ ಎರಡು ವಾರ ಸುಧಾಳ ಮನೆಯಲ್ಲಿದ್ದೆ. ಬಿಪಿಗೆ ಬೇರೆ ಮಾತ್ರೆ ಕೊಟ್ಟಿದ್ದರು, ಕಾಲಕಾಲಕ್ಕೆ ರಕ್ತ ಪರೀಕ್ಷೆಗೆ ಬರಬೇಕು ಎಂದಿದ್ದರು. ನಾಗವೇಣಿಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೊನೆಗೆ ಸುಧಾಳನ್ನು ಕರೆದುಕೊಂಡು ಜಂಗಮಕೋಟೆಗೆ ಹೋದೆ. ಅವಳು ಅಣ್ಣನ ರೇಷ್ಮೆ ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಸುಧಾ ರಸ್ತೆಯಲ್ಲೇ ನಿಂತಳು. ನಾನು ಬಾಗಿಲಿನ ಜಾಲರಿಯ ಹೊರಗೆ ನಿಂತೆ.

"ಒಳಗೆ ಬರ್ಬೇಡಿ. ಹುಳಕ್ಕೆ ರೋಗ ತಗಲುತ್ತೆ" ಎಂದಳು, ತಿರುಗಿ ನೋಡದೆ. ತಟ್ಟೆಯಿಂದ ತಟ್ಟೆಗೆ ಹೋಗುತ್ತಿದ್ದಳು. ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಬಿದ್ದ ಹಾಗೆ.

"ನಂದು ತಪ್ಪಾಯ್ತು ಕಣೇ ನಾಗೂ. ನನ್ನ ಬಾಯಲ್ಲಿ ಬರಬಾರದ ಮಾತು ಬಂತು."

"ಕಾಯಿಲೆ ಮಾತಾಡ್ಸ್ತು ಅಂತಾರೆ ಎಲ್ರೂ. ಸುಧಾನೂ ಹಂಗೇ ಅಂದ್ಲು." ಸೊಪ್ಪಿನ ಬುಟ್ಟಿ ಕೆಳಗಿಟ್ಟು ಮೊದಲ ಸಲ ನನ್ನ ಕಡೆ ತಿರುಗಿದಳು. "ಒಂದು ಕೇಳ್ತೀನಿ, ನಿಜ ಹೇಳಿ. ಮನೆ ಹೊಡ್ಕೊಳ್ಳೋಕೆ ಬಂದೆ ಅಂದ್ರಲ್ಲ. ಆ ಮಾತು ಕಾಯಿಲೆಗೆ ಎಲ್ಲಿಂದ ಸಿಕ್ತಕ್ಕ?"

ಕಾಯಿಲೆಯದೇ ಎಂದು ಹೇಳಿಬಿಡಬಹುದಿತ್ತು. ಡಾಕ್ಟರೂ ನನ್ನ ಪರವಾಗಿದ್ದರು. ಆದರೆ ಅವಳ ಮುಂದೆ ನಿಂತು ಸುಳ್ಳು ಹೇಳಲು ಆಗಲಿಲ್ಲ.

"ನನ್ನೊಳಗೇ ಇತ್ತು. ನೀನು ಬಂದಾಗಿಂದ ಒಂದು ಚೂರು ಇತ್ತು. ನನಗೇ ಗೊತ್ತಿರ್ಲಿಲ್ಲ."

ಅವಳು ಬುಟ್ಟಿ ಎತ್ತಿಕೊಂಡು ಉಳಿದ ತಟ್ಟೆಗಳಿಗೂ ಸೊಪ್ಪು ಹಾಕಿ ಮುಗಿಸಿದಳು. ನಾನು ನಿಂತೇ ಇದ್ದೆ. ಮುಗಿಸಿ ಬಂದು ಜಾಲರಿಯ ಒಳಗಿನಿಂದ ಹೇಳಿದಳು. "ಹುಳ ಗೂಡು ಕಟ್ಲಿ, ಆಮೇಲೆ ಬರ್ತೀನಿ. ಅನುಮಾನ ಬಿಡಿ ಅಂತ ಹೇಳಲ್ಲ, ನಿಮಗದು ಆಗಲ್ಲ. ಬಂದಾಗ ನನ್ನ ಮುಖಕ್ಕೇ ಕೇಳಿ. ಹಿಂದುಗಡೆ ಲೆಕ್ಕ ಹಾಕ್ಬೇಡಿ."

ಬಂದಳು. ಮೊದಲಿನ ಹಾಗೆ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತಿಂಗಳುಗಟ್ಟಲೆ ಅವಳು ನನಗೆ ಬಡಿಸಿದ್ದನ್ನು ಮೊದಲು ತಾನು ಒಂದು ತುತ್ತು ತಿಂದು ಆಮೇಲೆ ತಟ್ಟೆ ಕೊಡುತ್ತಿದ್ದಳು. ಬೇಡ ಕಣೇ ಎಂದರೂ ಬಿಡಲಿಲ್ಲ. ಅದು ನನಗೆ ಕೊಟ್ಟ ಶಿಕ್ಷೆಯೋ ಅವಳಿಗಾದ ಭಯವೋ ತಿಳಿಯದು. ಒಂದು ದಿನ ತಾನಾಗೇ ನಿಂತಿತು.

ಅನುಮಾನ ನನ್ನನ್ನು ಬಿಟ್ಟಿಲ್ಲ. ಈಗ ರಕ್ತದಲ್ಲಿ ಎಲ್ಲವೂ ಸರಿಯಾಗಿದೆ, ಆದರೂ ಬರುತ್ತದೆ. ಮೊನ್ನೆ ಮೊನ್ನೆ ಅವಳು ಗುರುವಾರ ಗುರುವಾರ ಮಧ್ಯಾಹ್ನ ಎಲ್ಲಿಗೋ ಹೋಗಿ ಬರುವುದನ್ನು ಗಮನಿಸಿದೆ. ದಾರ ತರಕ್ಕೆ ಎನ್ನುತ್ತಿದ್ದಳು, ದಾರ ತರುತ್ತಿರಲಿಲ್ಲ. ಮೂರು ಗುರುವಾರ ತಡೆದುಕೊಂಡೆ. ನಾಲ್ಕನೆಯದಕ್ಕೆ ಅವಳು ಚಪ್ಪಲಿ ಮೆಟ್ಟುವಾಗ ಅಡ್ಡ ನಿಂತು ಕೇಳಿಯೇಬಿಟ್ಟೆ. "ಅನುಮಾನ ಬಂದಿದೆ ಕಣೇ. ಎಲ್ಲಿಗೋಗ್ತೀಯ?"

ಸಿಟ್ಟಾದಳು. ಮುಖ ತಿರುಗಿಸಿದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ಶುಗರ್ ಬಂದಿದೆಯಂತೆ. ಆಸ್ಪತ್ರೆಗ್ ಹೋಗ್ತಿದೀನಿ. ನಿಮಗ್ಯಾಕೆ ಹೇಳ್ಲಿ, ನಿಮ್ದೇ ನಿಮಗಿದೆ."

ನಾನು ಸೀರೆ ಬದಲಾಯಿಸಲಿಲ್ಲ. ಉಟ್ಟಿದ್ದರಲ್ಲೇ ಹೊರಟೆ. ಬೇಡ ಎಂದಳು, ಜೊತೆಗೆ ಹೋಗಿಯೇಬಿಟ್ಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಅವತ್ತು ಬಹಳ ಜನ. ನಾಗವೇಣಿಗೆ ಬೆಂಚಿನ ತುದಿಯಲ್ಲಿ ಜಾಗ ಸಿಕ್ಕಿತು, ನಾನು ಕಂಬಕ್ಕೆ ಒರಗಿ ನಿಂತೆ. ನರ್ಸ್ ಚೀಟಿ ಬರೆದುಕೊಳ್ಳುತ್ತಾ ಅವಳ ಹತ್ತಿರ ಬಂದಳು. "ಇಷ್ಟ್ ದಿನ ಒಬ್ರೇ ಬರ್ತಿದ್ರಿ. ಇವತ್ತು ಜೊತೇಲಿ ಯಾರಾದ್ರೂ ಬಂದಿದಾರಾ?"

"ನಾನಿದೀನಿ" ಎಂದೆ.

"ಏನಾಗ್ಬೇಕು ಇವ್ರಿಗೆ?"

"ಅಕ್ಕ."

ನಾಗವೇಣಿ ತಲೆ ಎತ್ತಿ, ಈ ಮಾತನ್ನು ನಂಬಬಹುದೋ ಬಾರದೋ ಎನ್ನುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪಕ್ಕದವರನ್ನು ಸ್ವಲ್ಪ ಒತ್ತರಿಸಿ, ನನಗೆ ಕೂರಲು ಜಾಗ ಮಾಡಿದಳು.